ಆಲ್ಪ್ಸ್‌ನಲ್ಲಿ ಮೊದಲ ನಾಲ್ಕು ಸಾವಿರ ಮೀಟರ್ ಶಿಖರ: ನಾಲ್ಕು ಸಾಮಾನ್ಯ ಮಾರ್ಗಗಳ ಹೋಲಿಕೆ

ಓದಿಗಾಗಿ ಅಥವಾ ಉದ್ಯೋಗಕ್ಕಾಗಿ ಯೂರೋಪಿನಲ್ಲಿ ನೆಲೆಸಿರುವ ಕನ್ನಡಿಗರೂ, ಬೇಸಿಗೆಯ ರಜೆಗೆ ಬೆಂಗಳೂರಿನಿಂದ ಹೊರಡಲು ಯೋಚಿಸುತ್ತಿರುವವರೂ ಪದೇ ಪದೇ ಕೇಳುವ ಪ್ರಶ್ನೆಯೊಂದಿದೆ. ಸಹ್ಯಾದ್ರಿಯ ಬೆಟ್ಟಗಳನ್ನು ಹತ್ತಿಯಾಗಿದೆ, ಹಿಮಾಚಲದಲ್ಲೋ ಉತ್ತರಾಖಂಡದಲ್ಲೋ ಒಂದೆರಡು ಚಾರಣಗಳೂ ಮುಗಿದಿವೆ. ಈಗ ಆಲ್ಪ್ಸ್‌ನಲ್ಲಿ ನಾಲ್ಕು ಸಾವಿರ ಮೀಟರ್ ದಾಟಿದ ಒಂದು ಶಿಖರವನ್ನು ಅದರ ಸಾಮಾನ್ಯ ಮಾರ್ಗದಲ್ಲಿ ಹತ್ತಬೇಕೆಂದಿದ್ದರೆ ಯಾವುದನ್ನು ಆರಿಸಿಕೊಳ್ಳಬೇಕು? ಹೆಚ್ಚಿನವರ ಮನಸ್ಸಿನಲ್ಲಿ ಮೊದಲೇ ಆಲ್ಪ್ಸ್‌ನ ಅತ್ಯುನ್ನತ ಶಿಖರವಾದ ಮೋಂ ಬ್ಲಾಂ ಕುಳಿತಿರುತ್ತದೆ. ಅದರ ಪಕ್ಕದಲ್ಲಿ ಬ್ರೈಟ್‌ಹಾರ್ನ್, ಗ್ರಾನ್ ಪರಡೀಸೊ ಮತ್ತು ಮೊಂಟೆ ರೋಸಾ ಸಮೂಹದ ಪುಂಟಾ ನ್ಯಿಫೆಟ್ಟಿಯನ್ನು ಇಟ್ಟು ತೂಗಿ ನೋಡುವುದು ಈ ಬರಹದ ಕೆಲಸ.

ಅದಕ್ಕೂ ಮುನ್ನ 'ಸಾಮಾನ್ಯ ಮಾರ್ಗ' ಎಂಬ ಮಾತನ್ನು ಸರಿಯಾಗಿ ತಿಳಿದುಕೊಳ್ಳಬೇಕು. ಒಂದು ಶಿಖರಕ್ಕಿರುವ ಹಲವು ದಾರಿಗಳಲ್ಲಿ ಹೆಚ್ಚು ಜನ ಬಳಸುವ, ಬಹುಮಟ್ಟಿಗೆ ಉಳಿದವುಗಳಿಗಿಂತ ಸುಲಭವಾದ ದಾರಿಗೆ ಆ ಹೆಸರು. ಆ ದಾರಿ ಸ್ವತಃ ಸುಲಭ ಎಂದು ಅದು ಹೇಳುವುದಿಲ್ಲ. 4,478 ಮೀಟರ್ ಎತ್ತರದ ಮ್ಯಾಟರ್‌ಹಾರ್ನ್‌ಗೂ ಹರ್ನ್‌ಲಿ ಏಣು ಎಂಬ ಸಾಮಾನ್ಯ ಮಾರ್ಗವಿದೆ, ಆದರೆ ಅದು ಸುಮಾರು 1,200 ಮೀಟರ್ ಏರಿನ ಉದ್ದಕ್ಕೂ ಕೈಕಾಲು ಎರಡನ್ನೂ ಬಳಸಿ ಬಂಡೆ ಹತ್ತುವ ದಾರಿ, ಮತ್ತು ಅಲ್ಲಿ ಒಬ್ಬ ಗೈಡ್ ಒಬ್ಬರನ್ನಷ್ಟೇ ಕರೆದೊಯ್ಯುತ್ತಾರೆ. 1865ರ ಜುಲೈ 14ರಂದು ಆ ಶಿಖರವನ್ನು ಮೊದಲ ಬಾರಿಗೆ ಮುಟ್ಟಿದ ಏಳು ಮಂದಿಯಲ್ಲಿ ನಾಲ್ವರು ಇಳಿಯುವಾಗ ಬಿದ್ದು ಸತ್ತರು. ಮೊದಲ ಶಿಖರವಾಗಿ ಅದನ್ನು ಯಾರಿಗೂ ಸೂಚಿಸಲಾಗದ ಕಾರಣ ಈ ಹೋಲಿಕೆಯಿಂದ ಕೈಬಿಟ್ಟಿದ್ದೇನೆ. ಆದರೆ 'ಇಳಿಯುವಾಗ' ಎಂಬ ಪದವನ್ನು ಓದುಗರು ನೆನಪಿನಲ್ಲಿಟ್ಟುಕೊಳ್ಳಲಿ. ಮುಂದಿನ ಲೆಕ್ಕಾಚಾರವೆಲ್ಲ ಅದರ ಸುತ್ತಲೇ ಇದೆ.

ಯಾವ ಅಳತೆಗೋಲಿನಿಂದ ಅಳೆಯಬೇಕು

ಹಿಮಾಲಯದ ಚಾರಣ ಮಾಡಿದವರು ಎತ್ತರದ ಅಂಕಿಯನ್ನು ಮಾತ್ರ ನೋಡಿ ಮೋಸಹೋಗುವುದುಂಟು. 3,978 ಮೀಟರ್ ಎತ್ತರದ ರೋಹ್ತಾಂಗ್ ಕಣಿವೆಮಾರ್ಗವನ್ನು ಬಸ್ಸಿನಲ್ಲಿ ದಾಟಿದವರಿಗೆ 4,061 ಮೀಟರಿನ ಗ್ರಾನ್ ಪರಡೀಸೊ ಏನು ಮಹಾ ಎನ್ನಿಸುತ್ತದೆ. ಆದರೆ ಆಲ್ಪ್ಸ್ ಉತ್ತರಕ್ಕೆ ಬಹಳ ದೂರದಲ್ಲಿರುವುದರಿಂದ ಅಲ್ಲಿ ಅದೇ ಎತ್ತರದಲ್ಲಿ ಬೇಸಿಗೆಯಲ್ಲೂ ಹಿಮನದಿ ಇರುತ್ತದೆ, ಹಿಮದಡಿ ಬಿರುಕುಗಳಿರುತ್ತವೆ, ಹಗ್ಗ ಕಟ್ಟಿಕೊಂಡು ಬೂಟಿಗೆ ಕ್ರ್ಯಾಂಪನ್ ಎಂಬ ಲೋಹದ ಮುಳ್ಳುಗಳನ್ನು ತೊಟ್ಟು ನಡೆಯಬೇಕಾಗುತ್ತದೆ. ಇನ್ನೊಂದು ವ್ಯತ್ಯಾಸ ವೇಗದ್ದು. ಹಿಮಾಲಯದಲ್ಲಿ ದಿನಕ್ಕೆ ಮುನ್ನೂರೋ ನಾನೂರೋ ಮೀಟರ್ ಏರುತ್ತ ವಾರವಿಡೀ ದೇಹವನ್ನು ಒಗ್ಗಿಸಿಕೊಳ್ಳುತ್ತೇವೆ. ಆಲ್ಪ್ಸ್‌ನಲ್ಲಿ ಎರಡೇ ದಿನಗಳಲ್ಲಿ ಕಣಿವೆಯಿಂದ ಶಿಖರಕ್ಕೇರಿ ಮತ್ತೆ ಕಣಿವೆಗೆ ಇಳಿಯುವುದು ವಾಡಿಕೆ.

ಹೀಗಾಗಿ ಮೊದಲ ಅಳತೆಗೋಲು ಶಿಖರದ ಎತ್ತರವಲ್ಲ, ರಾತ್ರಿ ಮಲಗುವ ಎತ್ತರ. ಆಲ್ಪ್ಸ್‌ನ ನಾಲ್ಕು ಹಟ್‌ಗಳಲ್ಲಿ (ಹತ್ತುವವರಿಗೆಂದು ಪರ್ವತದ ಮೇಲಿರುವ ತಂಗುಮನೆಗಳಲ್ಲಿ) ತಂಗಿದ್ದವರನ್ನು ಪರೀಕ್ಷಿಸಿ 1990ರಲ್ಲಿ ಪ್ರಕಟವಾದ ಒಂದು ವೈದ್ಯಕೀಯ ಅಧ್ಯಯನದ ಪ್ರಕಾರ, 2,850 ಮೀಟರಿನಲ್ಲಿ ಶೇ. 9 ಮಂದಿಗೆ, 3,650 ಮೀಟರಿನಲ್ಲಿ ಶೇ. 34 ಮಂದಿಗೆ, 4,559 ಮೀಟರಿನಲ್ಲಿ ಶೇ. 53 ಮಂದಿಗೆ ಎತ್ತರದ ಕಾಯಿಲೆ ಕಾಣಿಸಿಕೊಂಡಿತ್ತು. ತಲೆನೋವು, ವಾಕರಿಕೆ, ನಿದ್ರೆ ಬಾರದಿರುವುದು ಅದರ ಮೊದಲ ಲಕ್ಷಣಗಳು. ಅವು ದೇಹ ಗಟ್ಟಿಯಿದೆಯೇ ಇಲ್ಲವೇ ಎಂದು ನೋಡಿ ಬರುವುದಿಲ್ಲ. ಮ್ಯಾರಥಾನ್ ಓಡುವವರನ್ನೂ ಮಲಗಿಸುತ್ತವೆ.

ಎರಡನೆಯದು ಶಿಖರ ಮುಟ್ಟಿದ ದಿನವೇ ಎಷ್ಟು ಇಳಿಯಬೇಕು ಎಂಬುದು. ಮೂರನೆಯದು ನಮ್ಮ ಕೌಶಲದ ಅಂಕೆಗೆ ಸಿಗದ ಅಪಾಯಗಳು: ಉರುಳುವ ಕಲ್ಲು, ಹಿಮ ಮುಚ್ಚಿದ ಬಿರುಕು, ದಾರಿಯನ್ನೇ ಅಳಿಸಿಹಾಕುವ ಮಂಜು. ಹಣ ಮತ್ತು ದಿನಗಳ ಲೆಕ್ಕ ಇದ್ದೇ ಇದೆ. ಇವೆಲ್ಲಕ್ಕಿಂತ ನಾನು ಹೆಚ್ಚು ತೂಕ ಕೊಡುವುದು ಇನ್ನೊಂದಕ್ಕೆ: ಅರ್ಧ ದಾರಿಯಲ್ಲಿ 'ಇವತ್ತು ಬೇಡ' ಎಂದು ತಿರುಗಿ ಬರುವುದು ಆ ಮಾರ್ಗದಲ್ಲಿ ಎಷ್ಟು ಸುಲಭ? ದಾರಿಯ ಸ್ವರೂಪವೂ, ಕಟ್ಟಿದ ಮುಂಗಡ ಹಣವೂ, ತಿಂಗಳುಗಟ್ಟಲೆ ಕಾದ ಕಾಯ್ದಿರಿಸುವಿಕೆಯೂ ಸೇರಿ ಮನುಷ್ಯನನ್ನು ಮುಂದಕ್ಕೆ ತಳ್ಳುತ್ತವೆ. ಮೊದಲ ಬಾರಿಗೆ ಹೋಗುವವರಿಗೆ ಆ ಒತ್ತಡ ಕಡಿಮೆಯಿರುವ ಶಿಖರವೇ ಬೇಕು.

ಬ್ರೈಟ್‌ಹಾರ್ನ್: ಅರ್ಧ ದಿನದ ಶಿಖರ

ಸ್ವಿಟ್ಜರ್ಲೆಂಡಿನ ತ್ಸೆರ್ಮಾಟ್ ಊರಿನಿಂದ ಕೇಬಲ್ ಕಾರ್ ಏರಿದರೆ ಒಂದು ಗಂಟೆಯೊಳಗೆ ಕ್ಲೈನ್ ಮ್ಯಾಟರ್‌ಹಾರ್ನ್ ನಿಲ್ದಾಣದಲ್ಲಿ, ಅಂದರೆ ಸುಮಾರು 3,820 ಮೀಟರ್ ಎತ್ತರದಲ್ಲಿ ಇಳಿಯಬಹುದು. ಅಲ್ಲಿಂದ ವಿಶಾಲವಾದ ಹಿಮದ ಬಯಲನ್ನು ದಾಟಿ, ಕೊನೆಯಲ್ಲಿ ಸುಮಾರು 35 ಡಿಗ್ರಿ ಇಳಿಜಾರಿನ ಹಿಮದ ಗೋಡೆಯನ್ನು ಓರೆಯಾಗಿ ಏರಿದರೆ 4,160 ಮೀಟರಿನ ತುದಿ ಸಿಗುತ್ತದೆ. ಏರು ನಾನೂರು ಮೀಟರಿಗಿಂತ ಕಡಿಮೆ, ಸಮಯ ಎರಡು ಗಂಟೆಯ ಆಸುಪಾಸು. 1813ರಲ್ಲೇ ಮೊದಲ ಬಾರಿಗೆ ಹತ್ತಲಾದ ಈ ಶಿಖರ, ಆಲ್ಪ್ಸ್‌ನ ನಾಲ್ಕು ಸಾವಿರದ ಶಿಖರಗಳಲ್ಲಿ ಅತ್ಯಂತ ಸುಲಭವಾದವುಗಳಲ್ಲಿ ಒಂದು ಎನ್ನುವುದು ನಿಜ.

ಆದರೆ ಅದೇ ಸುಲಭತನ ಎರಡು ತೊಂದರೆಗಳನ್ನು ತರುತ್ತದೆ. 1,600 ಮೀಟರಿನ ಊರಿನಿಂದ ಒಂದೇ ನೆಗೆತಕ್ಕೆ 3,800 ಮೀಟರಿಗೆ ಏರಿದ ದೇಹಕ್ಕೆ ಹೊಂದಿಕೊಳ್ಳಲು ಬಿಡುವೇ ಸಿಗುವುದಿಲ್ಲ. ಹಿಂದಿನ ದಿನವಷ್ಟೇ ಬೆಂಗಳೂರಿನ ವಿಮಾನದಿಂದ ಇಳಿದವರಿಗಂತೂ ನಿಲ್ದಾಣದ ಮೆಟ್ಟಿಲುಗಳಲ್ಲೇ ತಲೆ ಸುತ್ತಬಹುದು. ಎರಡನೆಯದಾಗಿ, ನೂರಾರು ಜನ ನಡೆದು ಮೂಡಿದ ಕಾಲುದಾರಿಯನ್ನು ಕಂಡು ಹಗ್ಗವಿಲ್ಲದೆ ಹೋಗುವವರು ಕಾಣಸಿಗುತ್ತಾರೆ. ಆ ಬಯಲು ಹಿಮನದಿಯೇ ಹೊರತು ಮೈದಾನವಲ್ಲ, ಅದರಡಿ ಬಿರುಕುಗಳಿವೆ. ಮಂಜು ಕವಿದರೆ ಆಕಾಶವೂ ನೆಲವೂ ಒಂದೇ ಬಿಳುಪಾಗಿ, ಗುರುತಿಗೆ ಒಂದು ಕಲ್ಲೂ ಸಿಗದೆ, ನಿಲ್ದಾಣ ಎಡಕ್ಕೋ ಬಲಕ್ಕೋ ತಿಳಿಯುವುದಿಲ್ಲ. ಜೊತೆಗೆ ಕೊನೆಯ ಕೇಬಲ್ ಕಾರ್ ಹೊರಡುವ ಹೊತ್ತನ್ನು ಮರೆಯುವಂತಿಲ್ಲ.

ತಿರುಗಿ ಬರುವ ಸ್ವಾತಂತ್ರ್ಯದಲ್ಲಿ ಮಾತ್ರ ಇದಕ್ಕೆ ಸಾಟಿಯಿಲ್ಲ. ಯಾವ ಕ್ಷಣದಲ್ಲಾದರೂ ಹಿಂದಿರುಗಬಹುದು. ಕಳೆದುಕೊಳ್ಳುವುದು ಒಂದು ಟಿಕೆಟ್ಟಿನ ಹಣವನ್ನು ಮಾತ್ರ. ತ್ಸೆರ್ಮಾಟ್‌ನ ಕೇಬಲ್ ಕಾರ್, ವಸತಿ, ಊಟ ಎಲ್ಲವೂ ದುಬಾರಿಯೆನ್ನುವುದು ನಿಜ, ಆದರೆ ಹಟ್ ಬೇಕಿಲ್ಲ, ಗೈಡ್ ಅರ್ಧ ದಿನ ಸಾಕು, ಮತ್ತು ಗೈಡ್‌ನ ಹಗ್ಗಕ್ಕೆ ಹಲವರು ಒಟ್ಟಿಗೆ ಕಟ್ಟಿಕೊಳ್ಳಬಹುದಾದ್ದರಿಂದ ಖರ್ಚು ಹಂಚಿಹೋಗುತ್ತದೆ. ಸಾಸ್-ಫೇ ಊರಿನ ಮೇಲಿರುವ 4,027 ಮೀಟರಿನ ಅಲ್ಲಾಲಿನ್‌ಹಾರ್ನ್ ಕೂಡ ಇದೇ ಬಗೆಯದು. ಬ್ರೈಟ್‌ಹಾರ್ನ್‌ನ ಬಗ್ಗೆ ಹೇಳಿದ ಬಹುತೇಕ ಮಾತು ಅದಕ್ಕೂ ಸಲ್ಲುತ್ತದೆ.

ಗ್ರಾನ್ ಪರಡೀಸೊ: ಕಾಲಿನಿಂದಲೇ ಸಂಪಾದಿಸುವ ಶಿಖರ

ಪೂರ್ತಿಯಾಗಿ ಇಟಲಿಯೊಳಗೇ ಇರುವ ಅತ್ಯುನ್ನತ ಪರ್ವತ ಇದು. ಸುತ್ತಲಿನ ಕಾಡು ಒಂದು ಕಾಲದಲ್ಲಿ ಅರಸರು ಐಬೆಕ್ಸ್ ಎಂಬ ಕಾಡುಮೇಕೆಯ ಬೇಟೆಗೆ ಕಾಯ್ದಿರಿಸಿದ್ದ ಪ್ರದೇಶ. 1922ರಲ್ಲಿ ಅದು ಇಟಲಿಯ ಮೊದಲ ರಾಷ್ಟ್ರೀಯ ಉದ್ಯಾನವಾಯಿತು. ಇಲ್ಲಿ ಕೇಬಲ್ ಕಾರ್ ಇಲ್ಲ. ವಲ್ಸವರೆಂಶ್ ಕಣಿವೆಯ ಕೊನೆಯ ಊರಾದ ಪೋಂನಲ್ಲಿ, ಸುಮಾರು 1,960 ಮೀಟರ್ ಎತ್ತರದಲ್ಲಿ, ಕಾರು ನಿಲ್ಲಿಸಿ ನಡೆಯಲಾರಂಭಿಸಬೇಕು. ಕರ್ನಾಟಕದ ಅತ್ಯುನ್ನತ ಶಿಖರವಾದ ಮುಳ್ಳಯ್ಯನಗಿರಿಯ ತುದಿಗಿಂತ ಈ ಕಾರು ನಿಲ್ದಾಣವೇ ತುಸು ಎತ್ತರದಲ್ಲಿದೆ ಎಂದರೆ ನಮ್ಮವರಿಗೆ ಅಂದಾಜು ಸಿಗಬಹುದು. ಎರಡೂವರೆ ಗಂಟೆ ಹತ್ತಿದರೆ ಸುಮಾರು 2,730 ಮೀಟರಿನಲ್ಲಿರುವ ವಿತ್ತೋರಿಯೊ ಇಮಾನುವೆಲೆ ಹಟ್ ಬರುತ್ತದೆ. ರಾತ್ರಿ ಅಲ್ಲಿ ಮಲಗಿ, ಬೆಳಗಿನ ಜಾವ ಹೊರಟು, ಮೊದಲು ಕಲ್ಲುಗಳ ರಾಶಿಯನ್ನೂ ನಂತರ ಹಿಮನದಿಯನ್ನೂ ದಾಟಿ, 1,300 ಮೀಟರಿಗೂ ಹೆಚ್ಚು ಏರಿದ ಮೇಲೆ ತುದಿ.

ಮಲಗುವ ಎತ್ತರದ ಲೆಕ್ಕದಲ್ಲಿ ನಾಲ್ಕರ ಪೈಕಿ ಇದೇ ಉತ್ತಮ. 2,700 ಮೀಟರಿನಲ್ಲಿ ಹೆಚ್ಚಿನವರು ನಿದ್ದೆ ಮಾಡುತ್ತಾರೆ, ಊಟ ಸೇರುತ್ತದೆ, ಅದೇ ದೇಹ ಮರುದಿನ ಕೆಲವೇ ಗಂಟೆ ನಾಲ್ಕು ಸಾವಿರದ ಗಾಳಿಯಲ್ಲಿದ್ದು ಮತ್ತೆ ಕೆಳಗಿಳಿಯುತ್ತದೆ. ದಾರಿಯ ಬಹುಭಾಗ ಹದವಾದ ಇಳಿಜಾರು. ಹಿಮ ಗಟ್ಟಿಯಿದ್ದಾಗ ಹಗ್ಗದ ಶಿಸ್ತನ್ನು ಕಲಿಯಲು ಇದಕ್ಕಿಂತ ಒಳ್ಳೆಯ ಶಾಲೆ ಇಲ್ಲ. ಬೆಳಗಿನ ನಾಲ್ಕು ಗಂಟೆಗೆ ತಲೆದೀಪದ ಬೆಳಕಿನಲ್ಲಿ ಕ್ರ್ಯಾಂಪನ್‌ನ ಮುಳ್ಳುಗಳು ಹಿಮಕ್ಕೆ ಕಚ್ಚುವ ಸದ್ದು ಬಿಟ್ಟರೆ ಬೇರೇನೂ ಕೇಳಿಸದ ಆ ಹೊತ್ತಿಗಾಗಿಯೇ ಈ ಪರ್ವತಕ್ಕೆ ಹೋಗಬಹುದು ಎಂದು ನಾನು ಮನಸಾರೆ ನಂಬುತ್ತೇನೆ.

ಕಷ್ಟವಿರುವುದು ಕೊನೆಯ ಕೆಲವು ಮೀಟರ್‌ಗಳಲ್ಲಿ. ಮಡೋನ್ನಾಳ (ಮೇರಿ ಮಾತೆಯ) ಪ್ರತಿಮೆ ನಿಂತಿರುವ ಬಂಡೆಯ ತುದಿಗೆ ಕಿರಿದಾದ, ಒಂದು ಬದಿ ಪ್ರಪಾತಕ್ಕೆ ತೆರೆದುಕೊಂಡ ಅಂಚಿನ ಮೇಲೆ ಸಾಗಬೇಕು. ಜುಲೈ, ಆಗಸ್ಟ್‌ನ ವಾರಾಂತ್ಯಗಳಲ್ಲಿ ಏರುವವರೂ ಇಳಿಯುವವರೂ ಅಲ್ಲಿ ಸೇರಿ ಹಗ್ಗಗಳು ಸಿಕ್ಕಿಕೊಳ್ಳುತ್ತವೆ. ಬಾದಾಮಿಯ ಕೆಂಪು ಬಂಡೆಗಳಲ್ಲೋ ರಾಮನಗರದಲ್ಲೋ ಬಂಡೆ ಹತ್ತಿ ಅಭ್ಯಾಸವಿದ್ದವರಿಗೆ ಆ ಹೆಜ್ಜೆಗಳು ದೊಡ್ಡದಲ್ಲ. ಎತ್ತರದ ಭಯವಿರುವವರು ಪ್ರತಿಮೆಯ ಕೆಳಗೇ ನಿಂತು ತಿರುಗಿದರೆ ಏನನ್ನೂ ಕಳೆದುಕೊಂಡಂತಲ್ಲ. ಆಮೇಲೆ ಇಳಿತ: ಶಿಖರದಿಂದ ಪೋಂವರೆಗೆ ಒಂದೇ ದಿನ 2,100 ಮೀಟರ್. ಮೊಣಕಾಲುಗಳು ಅದನ್ನು ಮೂರು ದಿನ ನೆನಪಿಸುತ್ತವೆ. ಕುಕ್ಕೆ ಸುಬ್ರಹ್ಮಣ್ಯದಿಂದ ಕುಮಾರ ಪರ್ವತಕ್ಕೆ 1,500 ಮೀಟರಿಗೂ ಹೆಚ್ಚಿನ ಏರಿದೆ. ಅದನ್ನು ಹತ್ತಿ, ಅದೇ ದಿನ ಇಳಿದು, ಮರುದಿನ ನೆಟ್ಟಗೆ ನಡೆಯಬಲ್ಲವರಿಗೆ ಗ್ರಾನ್ ಪರಡೀಸೊಗೆ ಬೇಕಾದ ಕಾಲು ಇದೆ ಎಂದು ತಿಳಿಯಬಹುದು.

ಇನ್ನೊಂದು ಬದಿಯಲ್ಲಿರುವ ಶಬೋ ಹಟ್‌ನಿಂದ ಲವೆಸ್ಯೊ ಹಿಮನದಿಯ ಮೂಲಕವೂ ದಾರಿಯಿದೆ. ಅಲ್ಲಿ ಜನ ಕಡಿಮೆ, ಬಿರುಕುಗಳು ಹೆಚ್ಚು. ಗೈಡ್ ಜೊತೆಗಿದ್ದರೆ ಅದೇ ಚೆಂದ, ಸ್ವತಂತ್ರವಾಗಿ ಹೋಗುವ ಹೊಸಬರಿಗೆ ಬೇಡ.

ಪುಂಟಾ ನ್ಯಿಫೆಟ್ಟಿ: ಎತ್ತರವನ್ನು ಪರೀಕ್ಷಿಸಲು

ಮೊಂಟೆ ರೋಸಾ ಸಮೂಹದ ಈ ಶಿಖರವನ್ನು 1842ರಲ್ಲಿ ಮೊದಲು ಹತ್ತಿದ ತಂಡದಲ್ಲಿದ್ದ ಇಟಲಿಯ ಅಲಾನ್ಯಾ ಊರಿನ ಪಾದ್ರಿ ಜೊವಾನಿ ನ್ಯಿಫೆಟ್ಟಿಯ ಹೆಸರೇ ಅದಕ್ಕಿದೆ. 4,554 ಮೀಟರಿನ ಅದರ ತುದಿಯಲ್ಲೇ, 1893ರಲ್ಲಿ ತೆರೆದ ಮಾರ್ಗೆರೀತಾ ಹಟ್ ಕುಳಿತಿದೆ; ಯೂರೋಪಿನಲ್ಲಿ ಇದಕ್ಕಿಂತ ಎತ್ತರದ ಹಟ್ ಇಲ್ಲ. ಮೇಲೆ ಹೇಳಿದ ಅಧ್ಯಯನದ ಶೇ. 53ರ ಅಂಕಿ ಇದೇ ಕಟ್ಟಡದ್ದು (ಅದರಲ್ಲಿ ಎತ್ತರವನ್ನು 4,559 ಮೀಟರ್ ಎಂದು ಕೊಡಲಾಗಿದೆ). ಆದ್ದರಿಂದ ಶಿಖರದಲ್ಲೇ ರಾತ್ರಿ ಕಳೆಯುವ ಆಸೆಯನ್ನು ಮೊದಲ ಬಾರಿಗೆ ಹೋಗುವವರು ಬಿಡುವುದೇ ಒಳ್ಳೆಯದು. ಬಾಗಿಲು ತೆರೆದು ಒಳಗೆ ಹೋಗಿ, ಬಿಸಿ ಸೂಪು ಕುಡಿದು, ಮೋಡ ಏಳುವ ಮೊದಲೇ ಇಳಿಯುವುದು ಜಾಣತನ.

ಗ್ರೆಸ್ಸೊನೆ ಕಣಿವೆಯಿಂದಲೋ ಅಲಾನ್ಯಾದಿಂದಲೋ ಕೇಬಲ್ ಕಾರ್ ಹಿಡಿದು ಸುಮಾರು 3,275 ಮೀಟರಿನ ಪುಂಟಾ ಇಂದ್ರೆನ್ ತಲುಪಿ, ಒಂದೂವರೆ ಗಂಟೆ ನಡೆದರೆ 3,647 ಮೀಟರಿನ ನ್ಯಿಫೆಟ್ಟಿ ಹಟ್ ಸಿಗುತ್ತದೆ. ಮರುದಿನ ಲೀಸ್ ಹಿಮನದಿಯ ದೊಡ್ಡ ಬಿರುಕುಗಳ ನಡುವೆ ಸುತ್ತುತ್ತ, ಲೀಸ್ ಕಣಿವೆಮಾರ್ಗವನ್ನು ದಾಟಿ, ಒಟ್ಟು ಸುಮಾರು 900 ಮೀಟರ್ ಏರಬೇಕು. ಅದೇ ದಿನ ಕೇಬಲ್ ಕಾರ್‌ವರೆಗಿನ ಇಳಿತ ಸುಮಾರು 1,280 ಮೀಟರ್. ಬಂಡೆ ಹತ್ತುವ ಕೆಲಸ ಇಲ್ಲವೆನ್ನುವಷ್ಟು ಕಡಿಮೆ. ಕಷ್ಟ ಕೊಡುವುದು ಮೊದಲ ರಾತ್ರಿಯೇ 3,600 ಮೀಟರಿನಲ್ಲಿ ಮಲಗುವುದು, ಮತ್ತು ಮಂಜು ಕವಿದಾಗ ದಿಕ್ಕು ತಪ್ಪಿಸುವ ಆ ಎತ್ತರದ ಬಯಲು.

ಇದರ ದೊಡ್ಡ ಗುಣವೆಂದರೆ ದಾರಿಯ ಪಕ್ಕದಲ್ಲೇ ಇರುವ ಇತರ ಶಿಖರಗಳು. ತಂಡದಲ್ಲಿ ಒಬ್ಬರಿಗೆ ತಲೆನೋವು ಜೋರಾದರೆ 4,215 ಮೀಟರಿನ ವಿನ್ಸೆಂಟ್ ಪಿರಮಿಡ್ ಏರಿ ಅಲ್ಲಿಗೇ ನಿಲ್ಲಿಸಬಹುದು; ನಾಲ್ಕು ಸಾವಿರ ದಾಟಿದ್ದೂ ಆಯಿತು, ಮಧ್ಯಾಹ್ನದೊಳಗೆ ಕೇಬಲ್ ಕಾರ್ ಹಿಡಿದದ್ದೂ ಆಯಿತು. ಹೀಗೆ ಗುರಿಯನ್ನು ದಾರಿಯಲ್ಲೇ ಬದಲಾಯಿಸಲು ಬಿಡುವ ಪರ್ವತಗಳು ಕಡಿಮೆ.

ಮೋಂ ಬ್ಲಾಂ, ಗೂತೆ ಮಾರ್ಗದಲ್ಲಿ

ಎಲ್ಲರೂ ಕೇಳುವ ಶಿಖರ ಇದೇ ಆದ್ದರಿಂದ ಸ್ವಲ್ಪ ವಿವರವಾಗಿ ಹೇಳುತ್ತೇನೆ. 1786ರ ಆಗಸ್ಟ್ 8ರಂದು ಜಾಕ್ ಬಲ್ಮಾ ಮತ್ತು ವೈದ್ಯರಾದ ಮಿಶೆಲ್ ಪಕ್ಕಾರ್ ಮೊದಲ ಬಾರಿಗೆ ಮುಟ್ಟಿದ ಈ ತುದಿ ಹಿಮದ ಟೋಪಿಯಾದ್ದರಿಂದ ಅದರ ಎತ್ತರ ಬದಲಾಗುತ್ತಿರುತ್ತದೆ. 2021ರ ಅಳತೆಯಲ್ಲಿ 4,807.81 ಮೀಟರ್ ಇದ್ದದ್ದು 2023ರಲ್ಲಿ 4,805.59 ಮೀಟರ್ ಆಗಿತ್ತು.

ಫ್ರಾನ್ಸಿನ ಸೇಂ ಜೆರ್ವೆ ಊರಿನಿಂದ ಹಲ್ಲುಹಳಿಯನ್ನು ಕಚ್ಚಿ ಬೆಟ್ಟವೇರುವ ರೈಲು 2,372 ಮೀಟರಿನ ನೀ ದೇಗ್ಲ್ ನಿಲ್ದಾಣದಲ್ಲಿ ಬಿಡುತ್ತದೆ. ಅಲ್ಲಿಂದ 3,167 ಮೀಟರಿನ ತೆತ್ ರೂಸ್ ಹಟ್, ಅದರ ಮೇಲೆ 3,835 ಮೀಟರಿನ ಗೂತೆ ಹಟ್, ಮುಂದೆ ದೋಮ್ ದು ಗೂತೆ ಎಂಬ ಹಿಮದ ಗುಮ್ಮಟ, 4,362 ಮೀಟರಿನಲ್ಲಿರುವ ವಲ್ಲೊ ಎಂಬ ತುರ್ತು ಆಶ್ರಯ, ಕೊನೆಗೆ ಬೋಸ್ ಎಂಬ ಕಿರಿದಾದ ಹಿಮದ ಏಣು. ಗೂತೆಯಿಂದ ತುದಿಗೆ ಸುಮಾರು 970 ಮೀಟರ್ ಏರು. ಅದೇ ದಿನ ರೈಲಿಗೆ ಇಳಿಯುವುದಾದರೆ 2,400 ಮೀಟರಿಗೂ ಹೆಚ್ಚಿನ ಇಳಿತ.

ಪ್ರಾಣಕ್ಕೆ ಎರವಾಗುವ ಜಾಗ ತೆತ್ ರೂಸ್ ಮತ್ತು ಗೂತೆ ಹಟ್‌ಗಳ ನಡುವೆ ಇದೆ. ಮೊದಲು ಗ್ರಾಂ ಕುಲುವಾರ್ ಎಂಬ ಕೊರಕಲನ್ನು ಅಡ್ಡಲಾಗಿ ದಾಟಬೇಕು, ಮೇಲಿನಿಂದ ಕಲ್ಲುಗಳು ಉರುಳುವುದು ಅಲ್ಲಿಯೇ. ನಂತರ ಸಡಿಲವಾದ ಬಂಡೆಯ ಏಣನ್ನು ಕೈಯೂರಿ ಹತ್ತಬೇಕು. 1990ರಿಂದ 2017ರವರೆಗೆ ಈ ಒಂದು ತುಣುಕಿನಲ್ಲೇ 102 ಮಂದಿ ಸತ್ತು 230 ಮಂದಿ ಗಾಯಗೊಂಡಿದ್ದಾರೆ. ಬಂಡೆಗಳನ್ನು ಒಳಗಿನಿಂದ ಹಿಡಿದಿಟ್ಟಿರುವ ಮಂಜುಗಡ್ಡೆ ಕರಗಿದಂತೆ ಕಲ್ಲು ಸಡಿಲವಾಗುತ್ತದೆ. ಆದ್ದರಿಂದಲೇ ಬಿಸಿಲೇರಿದ ಮಧ್ಯಾಹ್ನ ಮತ್ತು ಬಿಸಿಗಾಳಿಯ ವಾರಗಳು ಹೆಚ್ಚು ಅಪಾಯಕಾರಿ. ಏರುವಾಗ ಬೆಳಗಿನ ತಂಪಿನಲ್ಲಿ ದಾಟಿದವರು, ಶಿಖರ ಮುಟ್ಟಿ ದಣಿದು ಹಿಂದಿರುಗುವಾಗ ಅದೇ ಕೊರಕಲಿಗೆ ಮಧ್ಯಾಹ್ನದ ಹೊತ್ತಿಗೆ ಬಂದು ನಿಲ್ಲುತ್ತಾರೆ. ಇನ್ನೊಂದು ರಾತ್ರಿ ಗೂತೆಯಲ್ಲಿ ತಂಗಿ ಮರುದಿನ ನಸುಕಿನಲ್ಲಿ ಇಳಿದರೆ ಈ ಅಪಾಯ ಬಹಳ ಕಡಿಮೆಯಾಗುತ್ತದೆ, ಆದರೆ ಅದಕ್ಕೆ ಎತ್ತರದಲ್ಲಿ ಇನ್ನೊಂದು ರಾತ್ರಿಯ ನಿದ್ದೆಗೇಡೂ ಇನ್ನೊಂದು ಹಾಸಿಗೆಯ ಹಣವೂ ಬೇಕು. ತೆತ್ ರೂಸ್‌ನಲ್ಲಿ ಮಲಗಿದರೆ ನಿದ್ದೆ ಚೆನ್ನಾಗಿ ಬರುತ್ತದೆ, ಆದರೆ ಶಿಖರದ ದಿನ 1,600 ಮೀಟರಿಗೂ ಹೆಚ್ಚು ಏರಬೇಕಾಗುತ್ತದೆ. ಎಲ್ಲ ಬಗೆಯಲ್ಲೂ ಸರಿಹೋಗುವ ಯೋಜನೆ ಈ ಮಾರ್ಗದಲ್ಲಿ ಇಲ್ಲ.

2022ರ ಬೇಸಿಗೆಯಲ್ಲಿ ಕಲ್ಲು ಉರುಳುವಿಕೆ ಮಿತಿಮೀರಿದಾಗ ಸೇಂ ಜೆರ್ವೆಯ ಮೇಯರ್ ಈ ಎರಡೂ ಹಟ್‌ಗಳನ್ನು ಮುಚ್ಚಿಸಿದರು; ರಕ್ಷಣೆಗೆ 10,000 ಮತ್ತು ಅಂತ್ಯಕ್ರಿಯೆಗೆ 5,000, ಒಟ್ಟು 15,000 ಯೂರೋ ಠೇವಣಿಯನ್ನು ಹತ್ತುವವರಿಂದ ಪಡೆಯಬೇಕೆಂದು ಅವರು ಹೇಳಿದ್ದು ಸುದ್ದಿಯಾಗಿತ್ತು. ಈ ಮಾರ್ಗದಲ್ಲಿ ತಂಗಲು ಹೆಸರು ನಮೂದಿಸಿದ ಹಟ್ ಕಾಯ್ದಿರಿಸುವಿಕೆ ಕಡ್ಡಾಯ, ಡೇರೆ ಹಾಕುವಂತಿಲ್ಲ. ಜಾಗಗಳು ಬೇಗ ತುಂಬುತ್ತವೆ, ಗೈಡ್ ಒಬ್ಬರು ಇಬ್ಬರನ್ನು ಮಾತ್ರ ಕರೆದೊಯ್ಯುತ್ತಾರೆ, ತಲಾ ಖರ್ಚು ಸಾವಿರ ಯೂರೋ ದಾಟುವುದು ಸಾಮಾನ್ಯ. ಇಷ್ಟೆಲ್ಲ ಹಣವನ್ನೂ ಕಾಯುವಿಕೆಯನ್ನೂ ಒಂದೇ ತಾರೀಖಿನ ಮೇಲೆ ಇಟ್ಟಾದ ಮೇಲೆ, ಆ ಬೆಳಗ್ಗೆ ಗಾಳಿ ಜೋರಾಗಿದ್ದರೆ ತಿರುಗಿ ಬರಲು ಮನಸ್ಸು ಒಪ್ಪುವುದು ಕಷ್ಟ. ತಿರುಗಿ ಬರುವ ಸ್ವಾತಂತ್ರ್ಯದ ಅಳತೆಯಲ್ಲಿ ಮೋಂ ಬ್ಲಾಂ ಕೊನೆಯಲ್ಲಿ ನಿಲ್ಲುವುದು ಈ ಕಾರಣಕ್ಕೆ. ಅದನ್ನು ಎರಡನೆಯ ಅಥವಾ ಮೂರನೆಯ ಶಿಖರವಾಗಿ ಇಟ್ಟುಕೊಳ್ಳಿ ಎಂದು ಬೇಡಿಕೊಳ್ಳುವುದೂ ಅದಕ್ಕೇ.

ಯಾರಿಗೆ ಯಾವುದು

ವಾರಾಂತ್ಯ ಮಾತ್ರ ಬಿಡುವಿರುವ, ಹಿಮದ ಮೇಲೆ ಎಂದೂ ನಡೆಯದ, ಇದು ತನಗೆ ಒಗ್ಗುತ್ತದೆಯೇ ಎಂದು ನೋಡಬೇಕೆನ್ನುವವರಿಗೆ ಬ್ರೈಟ್‌ಹಾರ್ನ್ ಸಾಕು. ಹಿಂದಿನ ರಾತ್ರಿಯನ್ನು ತ್ಸೆರ್ಮಾಟ್‌ನಲ್ಲಾದರೂ ಕಳೆದಿರಬೇಕು, ಹಗ್ಗ ಬಿಡಬಾರದು. ಮೂರು ದಿನಗಳಿದ್ದು, ಕಾಲಿನಲ್ಲಿ ಬಲವಿದ್ದು, ಕಿಸೆ ಹಗುರವಿದ್ದರೆ ಗ್ರಾನ್ ಪರಡೀಸೊ. ಒಂದೇ ಶಿಖರ ಆರಿಸು ಎಂದರೆ ನಾನು ಹೆಚ್ಚಿನವರಿಗೆ ಹೇಳುವುದು ಇದನ್ನೇ. ಹಿಮಾಲಯದಲ್ಲಿ ಐದು ಸಾವಿರ ಮೀಟರ್ ದಾಟಿದ್ದು ತಲೆನೋವು ಬಾರದವರಿಗೆ, ಅಥವಾ ಉತ್ತರಕಾಶಿಯ ನೆಹರೂ ಪರ್ವತಾರೋಹಣ ಸಂಸ್ಥೆಯಂತಹ ಕಡೆ ಬೇಸಿಕ್ ಕೋರ್ಸ್ ಮುಗಿಸಿದವರಿಗೆ ನ್ಯಿಫೆಟ್ಟಿ ಹೆಚ್ಚು ತೃಪ್ತಿ ಕೊಡುತ್ತದೆ. ಮೋಂ ಬ್ಲಾಂ ಬಿಡಲಾರೆ ಎನ್ನುವವರು ಆರು ದಿನ ಎತ್ತಿಟ್ಟುಕೊಂಡು, ಮೊದಲ ಮೂರು ದಿನ ಗ್ರಾನ್ ಪರಡೀಸೊ ಹತ್ತಿ ದೇಹವನ್ನು ಒಗ್ಗಿಸಿ, ಬಳಿಕ ಗೂತೆಗೆ ಹೋಗಲಿ. ಅನೇಕ ಗೈಡ್‌ಗಳ ಕಾರ್ಯಕ್ರಮವೂ ಹೀಗೆಯೇ ಇರುತ್ತದೆ. ಜೂನ್ ಕೊನೆಯಿಂದ ಜುಲೈ ನಡುವಿನವರೆಗೆ ಬಿರುಕುಗಳ ಮೇಲಿನ ಹಿಮ ಇನ್ನೂ ದಪ್ಪವಿರುವುದರಿಂದ ಆಗಸ್ಟ್‌ಗಿಂತ ಆ ವಾರಗಳೇ ಮೇಲು.

ಫ್ರಾನ್ಸ್, ಇಟಲಿ, ಸ್ವಿಟ್ಜರ್ಲೆಂಡ್ ಮೂರಕ್ಕೂ ಒಂದೇ ಷೆಂಗೆನ್ ವೀಸಾ ಸಾಕು. ಆದರೆ ವೀಸಾಕ್ಕಾಗಿ ಮಾಡಿಸುವ ಪ್ರಯಾಣ ವಿಮೆಗಳಲ್ಲಿ ಅನೇಕವು ಪರ್ವತಾರೋಹಣವನ್ನು ಹೊರಗಿಟ್ಟಿರುತ್ತವೆ, ಷರತ್ತುಗಳನ್ನು ಓದಲೇಬೇಕು. ಫ್ರಾನ್ಸಿನ ಪರ್ವತಗಳಲ್ಲಿ ಸರ್ಕಾರಿ ರಕ್ಷಣಾ ಪಡೆಯ ಸೇವೆಗೆ ಸಾಮಾನ್ಯವಾಗಿ ಹಣ ಕೇಳುವುದಿಲ್ಲ. ಸ್ವಿಟ್ಜರ್ಲೆಂಡಿನಲ್ಲಿ ಹೆಲಿಕಾಪ್ಟರ್‌ನ ಬಿಲ್ಲು ರಕ್ಷಿಸಲ್ಪಟ್ಟವರಿಗೇ ಬರುತ್ತದೆ. ಆಸ್ಟ್ರಿಯಾದ ಆಲ್ಪೈನ್ ಕ್ಲಬ್ಬಿನ ಸದಸ್ಯತ್ವದಲ್ಲಿ ರಕ್ಷಣಾ ವಿಮೆಯೂ ಸೇರಿರುವುದರಿಂದ ಯೂರೋಪಿನಲ್ಲಿ ಇರುವವರಿಗೆ ಅದು ಅನುಕೂಲ. ಸಸ್ಯಾಹಾರಿಗಳು ಹಟ್ ಕಾಯ್ದಿರಿಸುವಾಗಲೇ ತಿಳಿಸಿದರೆ ಪಾಸ್ತಾ, ಪೊಲೆಂಟಾ, ಚೀಸ್, ಮೊಟ್ಟೆಯ ತಿನಿಸುಗಳಲ್ಲಿ ಏನಾದರೂ ಮಾಡಿಕೊಡುತ್ತಾರೆ. ಮೊಟ್ಟೆಯನ್ನೂ ತಿನ್ನದವರು ಅದನ್ನು ಬೇರೆಯಾಗಿಯೇ ಹೇಳಬೇಕು. ಜೊತೆಗೆ ಚಟ್ನಿಪುಡಿ, ಹುರಿಗಡಲೆ ಒಯ್ದರೆ ಎತ್ತರದಲ್ಲಿ ಹಸಿವು ಸತ್ತಾಗಲೂ ನಾಲಿಗೆಗೆ ರುಚಿಸುತ್ತದೆ.

ಮುಂಗಡ ಕಟ್ಟುವ ಮೊದಲು ಗೈಡ್‌ಗೆ ಎರಡು ಪ್ರಶ್ನೆಗಳನ್ನು ಬರವಣಿಗೆಯಲ್ಲಿ ಕೇಳಿ. ಹವಾಮಾನ ಕೆಟ್ಟರೆ ಅದೇ ಹಣಕ್ಕೆ ಬೇರೆ ಶಿಖರಕ್ಕೆ ಕರೆದೊಯ್ಯುವಿರಾ? ಹಗ್ಗದಲ್ಲಿ ಕಟ್ಟಿಕೊಂಡ ಇಬ್ಬರಲ್ಲಿ ಒಬ್ಬರಿಗೆ ಆಗದಿದ್ದರೆ ಇನ್ನೊಬ್ಬರ ಗತಿಯೇನು? ಎರಡನೆಯದಕ್ಕೆ ಬರುವ ಉತ್ತರ ಹೆಚ್ಚಾಗಿ 'ಇಬ್ಬರೂ ಇಳಿಯಬೇಕು' ಎಂದೇ ಇರುತ್ತದೆ. ಆದ್ದರಿಂದ ಜೊತೆಗೆ ಹೊರಡುವ ಗೆಳೆಯರೊಂದಿಗೆ ಆ ಮಾತನ್ನು ಮನೆಯಲ್ಲೇ ಆಡಿ ಮುಗಿಸಿರಿ.